ಉಸ್ತಾದರು ಗೆರೆ ಎಳೆದ ನಟ್ಟುಗಳು

ಕಾರು ನನ್ನ ರ‍್ಯಾಂಪು ಹತ್ತಲಿಲ್ಲ. ಮುಂದಿನ ಚಕ್ರ ಇಳಿಜಾರಿಗೆ ತಾಗುವ ಮೊದಲೇ ಬಂಪರಿನ ಕೆಳತುದಿ ಕಬ್ಬಿಣಕ್ಕೆ ಕರ್ರೆಂದು ಉಜ್ಜಿತು. ಸ್ಟೀರಿಂಗ್ ಹಿಡಿದಿದ್ದ ಹೆಣ್ಣುಮಗಳು ತನ್ನ ಮೊಣಕಾಲೇ ತರಚಿದಂತೆ ಮುಖ ಕಿವುಚಿ ಬ್ರೇಕು ಒತ್ತಿದರು.

“ನಿಲ್ಲಿ ಅಕ್ಕ, ಅಲ್ಲೇ ನಿಲ್ಲಿ. ಇದನ್ನ ಇಂಗೆಲ್ಲ ಹತ್ಸಕ್ಕಾಗಲ್ಲ” ಎಂದು ಕೂಗಿ, ಗೋಡೆಗೆ ಒರಗಿಸಿದ್ದ ನಾಲ್ಕು ಉದ್ದನೆಯ ಹಲಗೆ ತಂದೆ. ಎರಡರ ಮೇಲೆ ಎರಡಿಟ್ಟು ಇಳಿಜಾರನ್ನು ಉದ್ದ ಮಾಡಿದೆ. ಕಾರು ಬಸುರಿ ಹೆಜ್ಜೆಯಲ್ಲಿ ಹತ್ತಿ ಬಂತು.

ಕಿರಂಗೂರಿನ ಹತ್ತಿರ ರಸ್ತೆ ಬದಿಯಲ್ಲಿ ನನ್ನದೊಂದು ಶೆಡ್ಡು. ಮಾಡುವುದು ಒಂದೇ ಕೆಲಸ, ವೀಲ್ ಅಲೈನ್‌ಮೆಂಟ್. ಕಬ್ಬಿನ ಲೋಡಿನ ಹಿಂದೆ ಬಿದ್ದು ಗುಂಡಿಗೆ ಇಳಿದ ಕಾರುಗಳು, ಹಂಪು ಹಾರಿಸಿದ ಟ್ಯಾಕ್ಸಿಗಳು, ಎಲ್ಲ ನನ್ನಲ್ಲಿಗೇ ಬರುತ್ತವೆ. ಈ ಸುತ್ತಿನಲ್ಲಿ ಈ ಕೆಲಸ ನನ್ನಷ್ಟು ಚೊಕ್ಕವಾಗಿ ಮಾಡುವವರಿಲ್ಲ ಎಂದು ನಾನೇ ಹೇಳಿಕೊಂಡರೆ ಜಂಬ ಅನ್ನಿಸಬಹುದು. ಅನ್ನಿಸಲಿ. ಆದರೆ ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡ ಸ್ಪೋರ್ಟ್ಸ್ ಕಾರು ಅಲ್ಲಿಯವರೆಗೆ ನನ್ನ ಶೆಡ್ಡಿಗೆ ಬಂದಿರಲಿಲ್ಲ, ಅದೂ ನಿಜ.

ಆಕೆ ಬೂಕನಕೆರೆಯವರು. ಮನೆಯಲ್ಲಿ ಗದ್ದೆ, ಹಸು ಎಲ್ಲ ಇದ್ದರೂ ಪಾಂಡವಪುರದಲ್ಲಿ ತಮ್ಮದೇ ಒಂದು ಪಶು ಆಹಾರದ ಅಂಗಡಿ ನಡೆಸುತ್ತಿದ್ದರು. ಬೆಳಿಗ್ಗೆ ಏಳು ವರ್ಷದ ಮಗಳನ್ನು ಎಡಗಡೆ ಸೀಟಿನಲ್ಲಿ ಕೂರಿಸಿಕೊಂಡು ಹೊರಟು, ಪಾಂಡವಪುರದ ಸ್ಕೂಲಿಗೆ ಬಿಟ್ಟು ಅಂಗಡಿ ಬಾಗಿಲು ತೆಗೆಯುವುದು, ಸಂಜೆ ಇಬ್ಬರೂ ವಾಪಸ್ಸು. ಕಾರನ್ನು ಬೆಂಗಳೂರಿನಲ್ಲಿ ಸೆಕೆಂಡ್‌ಹ್ಯಾಂಡ್ ತೆಗೆದುಕೊಂಡಿದ್ದರು. ಹಿಂದಿನ ಯಜಮಾನರು ಹಂಪುಗಳಿಗೆ ಹೆದರಿ ಉದ್ದನೆಯ ಸ್ಪ್ರಿಂಗು ಹಾಕಿಸಿ ಅದನ್ನು ಎತ್ತರಿಸಿದ್ದರಂತೆ.

“ಸ್ಪೋರ್ಟ್ಸ್ ಕಾರು ಅಂತ ಆಸೆಪಟ್ಟು ತಗಂಡ್ರೆ, ಸೀರೆ ಎತ್ತಿ ಕಟ್ಕೊಂಡು ನಾಟಿಗೆ ಇಳ್ದಂಗೆ ನಿಂತಿತ್ತು ಕಣಣ್ಣ. ನೋಡಕ್ಕೇ ಆಗ್ತಿರಲಿಲ್ಲ. ಅದ್ಕೆ ಗಿಡ್ಡ ಸ್ಪ್ರಿಂಗ್ ತರ್ಸಿ ಇಳ್ಸಿವ್ನಿ.”

“ಇಳ್ಸಿದ್ದು ಯಾರು?”

“ನಾಗಮಂಗಲದ ಉಸ್ತಾದು. ನಮ್ಮ ತವರುಮನೆ ಗಾಡಿಗಳೆಲ್ಲ ಅವರ ಕೈಲೇ.”

ಅಲ್ಲಿಗೆ ನನ್ನ ಅರ್ಧ ಚಿಂತೆ ಕಳೆಯಿತು. ನಾನು ನಟ್ಟು ಬಿಚ್ಚುವ ಪಾನಾ ಹಿಡಿಯಲು ಕಲಿತದ್ದೇ ಆ ಉಸ್ತಾದರ ಬಳಿ. ಆಕೆಗೂ ಹಾಗೆಂದೆ. “ಅಂಗಾದ್ರೆ ಸರಿ ಬುಡಿ” ಎಂದು ಆಕೆ ಟೀ ಕುಡಿಯಲು ಹೊರಟರು.

ಸ್ಪ್ರಿಂಗು ಗಿಡ್ಡ ಮಾಡಿದ ಕಾರಿಗೆ ಅಲೈನ್‌ಮೆಂಟ್ ಯಾಕೆ ಬೇಕು ಎಂದು ಬಹಳ ಜನ ಕೇಳುತ್ತಾರೆ. ಚಕ್ರವನ್ನು ಹಿಡಿದಿರುವ ಆರ್ಮುಗಳು ಬಾಗಿಲಿನಂತೆ ಒಂದು ಕೀಲಿನ ಮೇಲೆ ಮೇಲೂ ಕೆಳಗೂ ಆಡುತ್ತವೆ. ಕಾರು ಒಂದೂವರೆ ಇಂಚು ಕೆಳಗಿಳಿದರೆ ಆರ್ಮಿನ ಕೋನ ಬದಲಾಗಿ, ಚಕ್ರದ ತಲೆ ಒಳಕ್ಕೆ ವಾಲುತ್ತದೆ. ಅದು ಕ್ಯಾಂಬರ್. ಚಕ್ರದ ಮೂಗು ಒಳಕ್ಕೋ ಹೊರಕ್ಕೋ ತಿರುಗುತ್ತದೆ. ಅದು ಟೋ. ಕ್ಯಾಂಬರ್ ಸ್ವಲ್ಪ ಕೆಟ್ಟರೆ ಟೈರು ಸವೆದೀತು, ಅಷ್ಟೇ. ಟೋ ಕೆಟ್ಟರೆ ಕಾರು ಹೇಳಿದ ಮಾತು ಕೇಳುವುದಿಲ್ಲ.

ಕ್ರಮದಲ್ಲೇ ಹೋದೆ. ನಾಲ್ಕೂ ಟೈರಿನ ಗಾಳಿ ನೋಡಿದೆ. ಡ್ರೈವರಿನ ತೂಕಕ್ಕೆಂದು ಶೆಡ್ಡಿನಲ್ಲಿಟ್ಟುಕೊಂಡ ಬೂಸಾ ಮೂಟೆಗಳಲ್ಲಿ ಒಂದನ್ನು ಸೀಟಿನ ಮೇಲಿಟ್ಟೆ. ಟೀ ಮುಗಿಸಿ ಬಂದ ಆಕೆ ಅದನ್ನು ನೋಡಿ, “ಅದು ನಮ್ಮಂಗಡಿ ಮೂಟೇನೇ ಅಲ್ವಾ? ನಾನು ಅದಕ್ಕಿಂತ ವಸಿ ಜಾಸ್ತಿನೇ ಅವ್ನಿ, ಇನ್ನರ್ಧ ಹಾಕಿ” ಎಂದು ನಕ್ಕರು. ಇನ್ನರ್ಧ ಹಾಕಿದೆ. ಆಮೇಲೆ ಟೇಪು ಹಿಡಿದು, ಪ್ರತಿ ಚಕ್ರದ ನಡುವಿನಿಂದ ಮೇಲಿನ ಗಾರ್ಡಿನ ಅಂಚಿನವರೆಗೆ ಅಳತೆ ತೆಗೆದು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದೆ. ಮೂರು ಚಕ್ರ ಸರಿಯಿದ್ದವು. ಹಿಂದಿನ ಎಡ ಮೂಲೆ ಮಾತ್ರ ಬಲಕ್ಕಿಂತ ಹನ್ನೊಂದು ಮಿಲಿಮೀಟರು ಎತ್ತರದಲ್ಲಿತ್ತು.

ರ‍್ಯಾಂಪಿನ ನಡುವೆ ಕೆಲಸಕ್ಕೆಂದು ತೋಡಿಸಿದ ಗುಂಡಿಗಿಳಿದು ಟಾರ್ಚು ಬಿಟ್ಟು ನೋಡಿದೆ. ಹಿಂದಿನ ಕೆಳ ಆರ್ಮಿನ ಎರಡೂ ನಟ್ಟುಗಳ ಮೇಲೆ ಹಳದಿ ಪೇಂಟಿನ ಒಂದೊಂದು ಗೆರೆ, ನಟ್ಟಿನಿಂದ ಅದು ಕೂತ ಬ್ರಾಕೆಟ್ಟಿನವರೆಗೆ ನೇರವಾಗಿ ಎಳೆದದ್ದು. ಅದು ಉಸ್ತಾದರ ಪದ್ಧತಿ. ನಟ್ಟು ತಾನಾಗಿ ಸಡಿಲವಾದರೆ ಗೆರೆ ತುಂಡಾಗಿ ಕಾಣುತ್ತದೆ ಎಂಬುದು ಒಂದು ಉಪಯೋಗ. ಇನ್ನೊಂದು, ಇದು ನಾನು ಬಿಗಿದದ್ದು, ಇದಕ್ಕೆ ನಾನು ಜವಾಬ್ದಾರ ಎಂದು ಹೇಳುವುದು. ನಾಗಮಂಗಲದಿಂದ ಕೆ.ಆರ್. ಪೇಟೆವರೆಗೆ ಯಾವ ಮೆಕ್ಯಾನಿಕ್ಕೂ ಹಳದಿ ಗೆರೆಯ ನಟ್ಟಿಗೆ ಉಸ್ತಾದರನ್ನು ಕೇಳದೆ ಪಾನಾ ಹಾಕುವುದಿಲ್ಲ. ಹಾಕಿದರೆ ಅವರ ಕೆಲಸವನ್ನು ಅನುಮಾನಿಸಿದ ಹಾಗೆ. ಕ್ಯಾಂಬರ್, ಟೋ ಹೊಂದಿಸುವ ಬೋಲ್ಟುಗಳಿಗೆ ಅವರು ಗೆರೆ ಹಾಕಿರಲಿಲ್ಲ. ಅದು ಅಲೈನ್‌ಮೆಂಟ್ ಮಾಡುವವನ ಕೆಲಸವೆಂದು ಬಿಟ್ಟಿದ್ದರು.

ಹೊಸ ಸ್ಪ್ರಿಂಗು, ಇನ್ನೂ ಕೂತಿಲ್ಲ, ನಾಲ್ಕು ದಿನ ಓಡಿದರೆ ಎಡ ಮೂಲೆಯೂ ಇಳಿಯುತ್ತದೆ ಎಂದುಕೊಂಡೆ. ಚಕ್ರಗಳಿಗೆ ಗುರುತಿನ ಪಟ್ಟಿ ಬಿಗಿದು, ಕಾರನ್ನು ಹಿಂದೆ ಮುಂದೆ ಉರುಳಿಸಿ, ಅಲೈನ್‌ಮೆಂಟ್ ಮೆಷಿನ್ನಿನ ಕ್ಯಾಮೆರಾಗಳಿಗೆ ತೋರಿಸಿದೆ. ಪರದೆಯ ತುಂಬ ಕೆಂಪು, ಎಂದರೆ ಅಳತೆಯೆಲ್ಲ ತಪ್ಪು. ಹಿಂದಿನದು ಮೊದಲು, ಮುಂದಿನದು ಆಮೇಲೆ, ಒಂದೊಂದಾಗಿ ಹೊಂದಿಸಿ ಎರಡು ಗಂಟೆಯಲ್ಲಿ ಎಲ್ಲವನ್ನೂ ಹಸಿರಿಗೆ ತಂದೆ. ಪ್ರಿಂಟು ತೆಗೆದು ಆಕೆಯ ಕೈಗೆ ಕೊಟ್ಟು, “ಕಣ್ಮುಚ್ಕೊಂಡು ಓಡ್ಸಿ” ಎಂದೆ. ಆ ಮಾತು ಆಡಿದ್ದು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಹತ್ತೇ ದಿನಕ್ಕೆ ಆಕೆ ಮತ್ತೆ ಬಂದರು. ಕಾರು ಎಡಕ್ಕೆ ಎಳೆಯುತ್ತಿದೆ, ನೇರ ಹೋಗಬೇಕಾದರೆ ಸ್ಟೀರಿಂಗು ಬಲಕ್ಕೆ ಹಿಡಿದಿರಬೇಕು ಎಂದರು. ಮೆಷಿನ್ನಿಗೆ ಹಾಕಿದೆ. ಮುಂದಿನ ಎರಡೂ ಚಕ್ರ ನಾನು ಬಿಟ್ಟಲ್ಲೇ ಇದ್ದವು. ಹಿಂದಿನ ಎಡ ಚಕ್ರ ಕೆಂಪು. ಮೂಗು ಒಳಕ್ಕೆ ತಿರುಗಿ, ಕಾರಿನ ಹಿಂಭಾಗವನ್ನು ಬಲಕ್ಕೆ ತಳ್ಳುತ್ತಿತ್ತು. ಹಿಂಭಾಗ ಬಲಕ್ಕೆ ಹೋದರೆ ಮೂತಿ ಎಡಕ್ಕೆ ಹೋಗಲೇಬೇಕು. ಆ ಟೈರಿನ ಮೇಲೆ ಕೈಯಾಡಿಸಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸ. ಟೇಪು ಹಿಡಿದೆ. ಹನ್ನೊಂದಿದ್ದ ಅಂತರ ಏಳಕ್ಕೆ ಇಳಿದಿತ್ತು.

ಆಮೇಲೆ ಡಿಕ್ಕಿ ತೆಗೆದು ನೋಡಿದೆ. ಕಾರ್ಪೆಟ್ಟಿನ ಮೇಲೆ ಬೂಸಾದ ಪುಡಿ! ಕಳ್ಳ ಸಿಕ್ಕಿಬಿದ್ದ ಎನ್ನಿಸಿತು.

“ಅಕ್ಕ, ಇದರಲ್ಲಿ ಮೂಟೆ ಹಾಕ್ತೀರಾ?”

“ಒಂದಿನ, ಒಂದೇ ಒಂದು ಮೂಟೆ ಹಾಕಿದ್ದೆ ಕಣಣ್ಣ. ನಮ್ಮತ್ತೆ ಹಸುಗೆ ಬೂಸ ಮುಗ್ದದೆ ಅಂದ್ರು.”

“ಇದೇನು ಗೂಡ್ಸ್ ಆಟೋನಾ? ಇಂಥ ಕಾರಲ್ಲಿ ಮೂಟೆ ಹೊತ್ರೆ ನಾನು ಎಷ್ಟು ಸಲ ಅಲೈನ್‌ಮೆಂಟ್ ಮಾಡಿದ್ರೂ ಅಷ್ಟೇ ಆಗೋದು.”

ಇನ್ನೂ ಎರಡು ಮಾತು ಬೈದೆ. ನನಗೆ ಬಾಯಿ ಸ್ವಲ್ಪ ಜೋರು. ಒಂದು ಮೂಟೆ ಎಂದರೆ ಒಬ್ಬ ತೆಳ್ಳನೆಯ ಮನುಷ್ಯನ ತೂಕವೂ ಇಲ್ಲ, ಅದಕ್ಕೆ ಚಕ್ರ ಮೂಗು ತಿರುಗಿಸುವುದಿಲ್ಲ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಿತೇನೋ, ಆದರೆ ಬೇರೆ ಯಾವುದನ್ನಾದರೂ ಅನುಮಾನಿಸುವುದಕ್ಕಿಂತ ಬೂಸಾ ಮೂಟೆಯನ್ನು ಅನುಮಾನಿಸುವುದು ಸುಲಭವಾಗಿತ್ತು. ಹಿಂದಿನ ಎಡ ಚಕ್ರವನ್ನು ಮತ್ತೆ ಹಸಿರಿಗೆ ತಂದು ಕಳಿಸಿಕೊಟ್ಟೆ.

ಮೂರನೆಯ ಸಲ ಆಕೆ ಬಂದಾಗ ಕಾರು ಸೈಕಲ್ಲಿನ ವೇಗದಲ್ಲಿ ಬಂತು. ಇಳಿದವರು ಮೊದಲು ಮಾಡಿದ ಕೆಲಸ ಡಿಕ್ಕಿ ತೆಗೆದದ್ದು. ಕಾರ್ಪೆಟ್ಟು ಒಗೆದು ಒಣಗಿಸಿ ಹಾಸಿದ್ದರು. ಒಂದು ಕಣ ಬೂಸ ಇಲ್ಲ.

“ನೋಡ್ಕಳಿ ಅಣ್ಣ. ಆವತ್ತಿಂದ ಒಂದು ಹಿಡಿ ಹಿಂಡೀನೂ ಇಟ್ಟಿಲ್ಲ.” ಡಿಕ್ಕಿಯನ್ನು ಧಡ್ ಎಂದು ಮುಚ್ಚಿದರು. “ಬೆಳಿಗ್ಗೆ ನಾಲೆ ಏರಿ ಮ್ಯಾಲೆ ಬಸ್ಸು ಎದುರು ಬಂತು. ಸೈಡ್ ಕೊಡಾನ ಅಂತ ವಸಿ ಎಡಕ್ಕೆ ತಗಂಡೆ. ಅಲ್ಲೊಂದು ಗುಂಡಿ. ಚಕ್ರ ಅದಕ್ಕೆ ಇಳೀತಿದ್ದಂಗೆ ಕಾರು ಎಡಕ್ಕೆ ಜಗ್ತು ನೋಡಿ, ನಾನು ಬಲಕ್ಕೆ ಎಳೀತಿವ್ನಿ, ಅದು ಎಡಕ್ಕೇ ಹೋಯ್ತಾ ಅದೆ. ಏರಿ ಮಣ್ಣಿಗೆ ಚಕ್ರ ತಾಗಿ ನಿಂತ್ಕತು. ಮಗು ಕಿಟಕೀಲಿ ಬಗ್ಗಿ ನೋಡಿ, ‘ಅಮ್ಮಾ, ನೀರು’ ಅಂತು.”

ಅವರ ದಾರಿಯಲ್ಲಿ ಒಂದಷ್ಟು ದೂರ ರಸ್ತೆ ನಾಲೆಯ ಪಕ್ಕದಲ್ಲೇ ಹೋಗುತ್ತದೆ. ತಡೆಗೋಡೆ ಇಲ್ಲ. ನಾಲೆ ತುಂಬ ನೀರು ಬಿಟ್ಟಿದ್ದ ಕಾಲ. ಆ ಕಾರಿನಲ್ಲಿ ಎಡಗಡೆ ಕೂರುವುದು ಮಗು.

“ಇವತ್ತು ಇದಕ್ಕೊಂದು ಗತಿ ಕಾಣಿಸ್ಬೇಕು ಅಣ್ಣ. ಇಲ್ದಿದ್ರೆ ಕಾರು ಮಾರ್ಬುಡ್ತೀನಿ. ಮಗೀನ ಇನ್ನು ಇದ್ರಲ್ಲಿ ಕೂರ್ಸಾಕಿಲ್ಲ.”

ಎರಡು ಸಲ ಹಸಿರು ಪ್ರಿಂಟು ಕೊಟ್ಟು, ಎರಡನೆಯ ಸಲ ಬೈದು ಕಳಿಸಿದವನು ನಾನು. “ಬೂಸದ ವಿಷ್ಯ ನಾನು ಅಂದಿದ್ದು ತಪ್ಪು ಅಕ್ಕ” ಎಂದೆ. ಆಕೆ ತಲೆಯಾಡಿಸಿದರು. ಮೆಷಿನ್ನು ಆನ್ ಮಾಡಲಿಲ್ಲ. ಅದು ಚಕ್ರ ಎಲ್ಲಿದೆ ಎಂದು ಹೇಳುತ್ತದೆಯೇ ಹೊರತು ಯಾಕೆ ಅಲ್ಲಿದೆ ಎಂದು ಹೇಳುವುದಿಲ್ಲ.

ಟೇಪು, ಸೀಮೆಸುಣ್ಣ, ನನ್ನ ಎರಡು ಕೈ, ಇಷ್ಟರಲ್ಲೇ ಕೆಲಸಕ್ಕೆ ಕೂತೆ. ಹಿಂದಿನ ಬಲ ಮೂಲೆಯನ್ನು ನಾಲ್ಕು ಸಲ ಒತ್ತಿ ಬಿಟ್ಟೆ, ಅಳೆದೆ. ನಾಲ್ಕು ಸಲ ಎತ್ತಿ ಬಿಟ್ಟೆ, ಅಳೆದೆ. ಎರಡೂ ಹೆಚ್ಚುಕಡಿಮೆ ಒಂದೇ. ಎಡ ಮೂಲೆಗೆ ಬಂದೆ. ಒತ್ತಿ ಬಿಟ್ಟಾಗ ಒಂದು ಎತ್ತರ, ಎತ್ತಿ ಬಿಟ್ಟಾಗ ಅದಕ್ಕಿಂತ ಆರು ಮಿಲಿಮೀಟರು ಹೆಚ್ಚು. ಮತ್ತೆ ಮಾಡಿದೆ. ಮತ್ತೆ ಹಾಗೇ. ಸ್ಪ್ರಿಂಗಿಗೆ ಇಂಥ ಚೇಷ್ಟೆ ಇರುವುದಿಲ್ಲ. ಸ್ಪ್ರಿಂಗಿನ ಜೊತೆಗೆ ಇನ್ನೇನೋ ಕಾರನ್ನು ಹೊತ್ತು ನಿಂತಿತ್ತು.

ಗುಂಡಿಗಿಳಿದೆ. ಈ ಸಲ ಆರ್ಮಿನ ಬುಡದಲ್ಲಿರುವ ಬುಷ್ಷನ್ನು ಬಟ್ಟೆಯಲ್ಲಿ ಒರೆಸಿ ನೋಡಿದೆ. ಬುಷ್ಷೆಂದರೆ ಒಳಗೊಂದು ಕಬ್ಬಿಣದ ಕೊಳವೆ, ಹೊರಗೊಂದು, ನಡುವೆ ಎರಡಕ್ಕೂ ಅಂಟಿದ ರಬ್ಬರು. ನಟ್ಟು ಬಿಗಿದಾಗ ಒಳಗಿನ ಕೊಳವೆ ಬ್ರಾಕೆಟ್ಟಿಗೆ ಕಚ್ಚಿಕೊಳ್ಳುತ್ತದೆ. ಆರ್ಮು ಆಡಿದಾಗಲೆಲ್ಲ ರಬ್ಬರು ತಿರುಚಿಕೊಂಡು ಮತ್ತೆ ವಾಪಸ್ಸು ಬರುತ್ತದೆ. ಎಡಗಡೆಯ ರಬ್ಬರು ಒಂದು ಪಕ್ಕ ಉಬ್ಬಿ, ಅಂಚಿನಲ್ಲಿ ಅರ್ಧ ಸುತ್ತು ಹರಿದಿತ್ತು. ಅದರ ಪಕ್ಕದಲ್ಲೇ ನಟ್ಟಿನ ಮೇಲೆ ಹಳದಿ ಗೆರೆ, ಒಂದು ಕೂದಲಿನಷ್ಟೂ ಕದಲದೆ.

ಆಗ ನನಗೆ ಪೂರ್ತಿ ಅರ್ಥವಾಯಿತು. ನಾಗಮಂಗಲದ ಶೆಡ್ಡಿನಲ್ಲಿ ಗುಂಡಿ ಇಲ್ಲ. ಕಾರನ್ನು ಜಾಕಿನಲ್ಲಿ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಚಕ್ರಗಳು ನೇತಾಡುತ್ತಿರುವಾಗಲೇ ಕೆಳಗೆ ಮಲಗಿ ನಟ್ಟು ಬಿಗಿಯುತ್ತಾರೆ. ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ, ನಮ್ಮ ರಸ್ತೆಗಳಿಗೆ ಅಲ್ಲಾಡಬಾರದೆಂದು ಕೈ ಸೋಲುವವರೆಗೆ ಬಿಗಿಯುತ್ತಾರೆ. ಚಕ್ರ ನೇತಾಡುವಾಗ ಬಿಗಿದರೆ ರಬ್ಬರಿಗೆ ಅದೇ ವಿಶ್ರಾಂತಿಯ ಜಾಗ. ಕಾರು ನೆಲಕ್ಕಿಳಿದಾಗ ಅದು ತಿರುಚಿಕೊಂಡೇ ನಿಲ್ಲುತ್ತದೆ, ಕಾರನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಹಂಪಿಗೊಮ್ಮೆ ಗುಂಡಿಗೊಮ್ಮೆ ಸ್ವಲ್ಪ ಸ್ವಲ್ಪ ಹರಿಯುತ್ತದೆ. ಹರಿದಷ್ಟೂ ಎತ್ತರ ಬದಲು, ಎತ್ತರದ ಜೊತೆ ಟೋ ಬದಲು. ಹಳೆಯ ಜೀಪುಗಳ, ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಪಟ್ಟಾ ಸ್ಪ್ರಿಂಗಿಗೆ ಇದರಿಂದ ಏನೂ ಆಗುತ್ತಿರಲಿಲ್ಲ. ಸಾಧಾರಣ ಕಾರುಗಳಲ್ಲಿ ಬುಷ್ಷು ಬೇಗ ಹೋದರೆ ರಸ್ತೆಯನ್ನು ಬೈದು ಸುಮ್ಮನಾಗುತ್ತಿದ್ದೆವು. ಇಳಿಸಿದ ಕಾರಿನಲ್ಲಿ ನೇತಾಡುವ ಚಕ್ರಕ್ಕೂ ನೆಲದ ಮೇಲಿನ ಚಕ್ರಕ್ಕೂ ಅಂತರ ಹೆಚ್ಚು, ತಿರುಚೂ ಹೆಚ್ಚು.

ಇಂಥ ನಟ್ಟುಗಳನ್ನು ಕಾರು ತನ್ನ ಭಾರದ ಮೇಲೆ ನಿಂತಿರುವಾಗಲೇ ಕೊನೆಯ ಬಿಗಿ ಬಿಗಿಯಬೇಕು. ಇದು ನನಗೆ ಗೊತ್ತಿತ್ತು. ಮೆಷಿನ್ನು ತೆಗೆದುಕೊಂಡಾಗ ಕಲಿಸಲು ಬಂದವರು ಹೇಳಿದ್ದರು. ಅಂದಿನಿಂದ ನಾನು ಹಾಗೆಯೇ ಮಾಡುತ್ತೇನೆ. ಆದರೆ ಉಸ್ತಾದರಿಗೆ ಒಂದು ದಿನವೂ ಹೇಳಿರಲಿಲ್ಲ. ಅವರಿಗೆ ನಾನು ಹೇಳುವುದೇ ಎಂಬ ಸಂಕೋಚ ಅಂದುಕೊಂಡಿದ್ದೆ. ಆವತ್ತು ಗುಂಡಿಯಲ್ಲಿ ನಿಂತು ಯೋಚಿಸಿದಾಗ ಅದು ಬರೀ ಪುಕ್ಕಲುತನ ಎಂದು ಗೊತ್ತಾಯಿತು.

ಪಾನಾವನ್ನು ನಟ್ಟಿಗೆ ಸಿಕ್ಕಿಸಿಯೂ ಆಗಿತ್ತು. ನನ್ನ ಕಪಾಟಿನಲ್ಲಿ ಹಳದಿ ಪೇಂಟಿನ ಡಬ್ಬಿಯಿದೆ. ಸಡಿಲಿಸಿ, ಬುಷ್ಷು ಬದಲಿಸಿ, ಸರಿಯಾಗಿ ಬಿಗಿದು, ಅದೇ ಜಾಗದಲ್ಲಿ ಅಂಥದೇ ಗೆರೆ ಎಳೆದರೆ ಹರಬ್ರಹ್ಮ ಬಂದರೂ ಗೊತ್ತಾಗುತ್ತಿರಲಿಲ್ಲ. ಆಕೆಗೆ ಕಾರು ಸರಿಯಾಗುತ್ತಿತ್ತು, ಉಸ್ತಾದರ ಹೆಸರು ಉಳಿಯುತ್ತಿತ್ತು, ನನಗೂ ಇರಿಸುಮುರಿಸು ತಪ್ಪುತ್ತಿತ್ತು. ಆದರೆ ಉಸ್ತಾದರು ನಾಳೆಯೂ ಇನ್ನೊಂದು ಕಾರನ್ನು ಹಾಗೆಯೇ ಬಿಗಿಯುತ್ತಾರೆ. ಆ ಕಾರು ನನ್ನ ಶೆಡ್ಡಿಗೆ ಬರುತ್ತದೆಂದು ಯಾರು ಹೇಳಿದರು? ಪಾನಾ ತೆಗೆದು ಮೇಲೆ ಬಂದೆ.

“ಅಕ್ಕ, ಏನು ಅಂತ ಗೊತ್ತಾಯ್ತು. ಕಾರು ಇಲ್ಲೇ ಇರ್ಲಿ. ಇವತ್ತು ಬಸ್ಸಲ್ಲಿ ಹೋಗಿ.”

“ಗೊತ್ತಾದ್ರೆ ಈಗ್ಲೇ ಮಾಡಿ ಮತ್ತೆ.”

“ಎರಡು ನಟ್ಟು ಬಿಚ್ಬೇಕು. ಅದಕ್ಕೆ ಮೊದ್ಲು ಉಸ್ತಾದ್ರನ್ನ ಕೇಳ್ಬೇಕು.”

ಆಕೆಗೆ ರೇಗಿಹೋಯಿತು. “ನನ್ ಕಾರಿನ ನಟ್ಟು ಬಿಚ್ಚಕ್ಕೆ ಇನ್ನೊಬ್ರನ್ನ ಕೇಳ್ಬೇಕಾ? ಇದೊಳ್ಳೆ ಚೆನ್ನಾಗದೆ! ನೀರಿಗೆ ಬಿದ್ದಿದ್ರೆ ಯಾರ್ನ ಕೇಳ್ತಿದ್ರಿ?”

“ಒಂದೇ ದಿನ ಕೊಡಿ ಅಕ್ಕ. ಅವರು ಒಪ್ಲಿ ಬುಡ್ಲಿ, ನಾಳೆ ಮಧ್ಯಾಹ್ನಕ್ಕೆ ಬಿಚ್ಚೇ ಬಿಚ್ತೀನಿ” ಎಂದೆ. ಆಕೆ ಬ್ಯಾಗು ಹೆಗಲಿಗೇರಿಸಿ ಬಸ್ ಸ್ಟಾಪಿನ ಕಡೆ ನಡೆದರು.

ಬೆಂಗಳೂರಿಗೆ ಫೋನು ಮಾಡಿ ಎರಡು ಹೊಸ ಬುಷ್ಷನ್ನು ಬಸ್ಸಿಗೆ ಹಾಕಲು ಹೇಳಿದೆ. ಆಮೇಲೆ ಉಸ್ತಾದರಿಗೆ ಮಾಡಿದೆ. ಇದ್ದದ್ದನ್ನು ಇದ್ದಹಾಗೆ ಹೇಳಿದೆ.

“ಏನ್ಲಾ, ನೇತಾಡ್ವಾಗ ಬಿಗಿದ್ರೆ ಏನ್ಲಾ ಆಯ್ತದೆ? ನನ್ನತ್ರ ಇದ್ದಾಗ ನೀನು ಎಷ್ಟು ಗಾಡಿ ಬಿಗ್ದಿಲ್ಲ? ಆಗ ಬಾಯಿ ಇರ್ಲಿಲ್ವಾ?”

“ಆಗ ನಂಗೂ ಗೊತ್ತಿರ್ಲಿಲ್ಲ ಉಸ್ತಾದ್.”

“ಈಗ ಮೆಷಿನ್ ಬಂತು, ಉಸ್ತಾದ್‌ಗೇ ಪಾಠ ಹೇಳಂಗಾದೆ. ಶಾಬಾಶ್ ಬೇಟಾ!” ಎಂದು ಫೋನು ಇಟ್ಟುಬಿಟ್ಟರು. ಮತ್ತೆ ಮಾಡಿದೆ, ಎತ್ತಲಿಲ್ಲ. ಆದರೂ ಬೆಳಗಾದರೆ ಬಿಚ್ಚುವುದು ಎಂದು ನಿರ್ಧರಿಸಿಯೇ ಬಾಗಿಲು ಹಾಕಿದೆ.

ಬೆಳಿಗ್ಗೆ ನಾನು ಶೆಡ್ಡಿಗೆ ಬಂದಾಗ ಉಸ್ತಾದರು ಬಾಗಿಲಿನ ಮುಂದೆ ಹಳೆಯ ಟೈರೊಂದರ ಮೇಲೆ ಕೂತಿದ್ದರು. ನಾಗಮಂಗಲದ ಮೊದಲ ಬಸ್ಸಿಗೇ ಬಂದಿದ್ದರು. ನನ್ನ ಸಲಾಮಿಗೆ ಬರೀ ಗದ್ದ ಅಲ್ಲಾಡಿಸಿದರು. ಕನ್ನಡಕ ಒರೆಸಿಕೊಂಡು ಸೀದಾ ಗುಂಡಿಗಿಳಿದು, ತಮ್ಮದೇ ಟಾರ್ಚು ಬಿಟ್ಟು ಎಡಗಡೆಯ ಬುಷ್ಷನ್ನು ಬಹಳ ಹೊತ್ತು ನೋಡಿದರು.

“ರಬ್ಬರ್ ಡೂಪ್ಲಿಕೇಟ್ ಇರ್ಬೌದು.”

“ಇರ್ಬೌದು ಉಸ್ತಾದ್. ನಟ್ಟು ಸಡ್ಲಿಸಿ ನೋಡಾನ. ಕಾರು ಕೆಳಕ್ಕೆ ಇಳೀಲಿಲ್ಲ ಅಂದ್ರೆ ತಪ್ಪು ನಂದು.”

“ಬಿಚ್ಚು.”

“ನೀವೇ…”

“ಬಿಚ್ಚು ಅಂದೆ ಕಣ್ಲಾ.” ಅವರು ಮೇಲೆ ಹತ್ತಿ, ಟೇಪನ್ನು ನನ್ನ ಕೈಯಿಂದ ಕಿತ್ತುಕೊಂಡು ಎಡ ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತರು.

ನಟ್ಟು ಬಹಳ ಬಿಗಿಯಿತ್ತು. ಎರಡೂ ಕೈ ಹಾಕಿ ಜಗ್ಗಿದೆ. ಅರ್ಧ ಸುತ್ತು ತಿರುಗಿದ್ದೇ ತಡ, ಟಪ್ ಎಂದು ಒಂದು ಸದ್ದು. ನನ್ನ ತಲೆಯ ಮೇಲೆ ಕಾರಿನ ಮೂಲೆ ಕುಸಿದದ್ದು ಕಣ್ಣಿಗೇ ಕಂಡಿತು.

“ಎಷ್ಟು ಉಸ್ತಾದ್?”

“ಒಂಬತ್ತು.” ಟೇಪು ಹಿಡಿದುಕೊಂಡೇ ಆಚೆ ಬದಿಗೆ ಸರಿದು, “ಬಲಗಡೇದೂ ಬಿಚ್ಚು” ಎಂದರು. ಆ ಕಡೆ ಸೈಲೆನ್ಸರು ಅಡ್ಡವಾಗಿ ಪೈಪು ತೂರದೆ ಬಿಗಿ ಕಡಿಮೆಯಾಗಿತ್ತು, ರಬ್ಬರು ಅಷ್ಟು ತಿರುಚಿರಲಿಲ್ಲ, ಎರಡೇ ಮಿಲಿಮೀಟರು ಕುಸಿಯಿತು. ಈಗ ಹಿಂದಿನ ಎರಡೂ ಚಕ್ರದ ಅಳತೆ ಒಂದೇ ಆಗಿತ್ತು. ಆ ಎರಡು ಸಂಖ್ಯೆಗಳನ್ನು ಉಸ್ತಾದರೇ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದರು.

ಬುಷ್ಷಿನ ಪಾರ್ಸೆಲ್ಲು ಹತ್ತು ಗಂಟೆಯ ಬಸ್ಸಿಗೆ ಬಂತು. ಆರ್ಮುಗಳನ್ನು ಕಳಚಿ ಹಳೆಯ ಬುಷ್ಷುಗಳನ್ನು ವೈಸಿನ ದವಡೆಗೆ ಸಿಕ್ಕಿಸಿ ಒತ್ತಿ ತೆಗೆದೆವು. ಎಡಗಡೆಯದು ಎರಡು ತುಂಡಾಗಿಯೇ ಹೊರಬಂತು. ಉಸ್ತಾದರು ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡರು. ಹೊಸದನ್ನು ಒತ್ತಿ, ಆರ್ಮು ಏರಿಸಿ, ನಟ್ಟುಗಳನ್ನು ಕೈಯಲ್ಲಷ್ಟೇ ತಿರುಗಿಸಿ ಬಿಟ್ಟೆವು. ಚಕ್ರಗಳನ್ನು ಜಾರುವ ತಟ್ಟೆಗಳ ಮೇಲಿಳಿಸಿ, ಸೀಟಿಗೆ ಒಂದೂವರೆ ಮೂಟೆ ಹಾಕಿ, ಕಾರನ್ನು ಹತ್ತಾರು ಸಲ ಒತ್ತಿ ಕುಣಿಸಿ ಕೂರಿಸಿದೆವು. ಕಾರು ತನ್ನ ಭಾರದಲ್ಲಿ ತಾನು ನಿಂತ ಮೇಲೆ ನಾನು ಗುಂಡಿಗಿಳಿದೆ.

“ತಡಿ, ನಾನು ಬಿಗಿತೀನಿ” ಎಂದು ಉಸ್ತಾದರೂ ಇಳಿದರು. ಪೈಪು ಕೇಳಿದರು. ನಾನು, ಬೇಕಾದಷ್ಟು ಬಿಗಿಯಾದೊಡನೆ ತಾನೇ ಸದ್ದು ಮಾಡುವ ಟಾರ್ಕ್ ರಿಂಚು ಕೊಟ್ಟೆ. ಕಟ್ ಎಂದು ಸದ್ದು ಬಂದ ಕೂಡಲೇ, “ಇಷ್ಟೇನಾ?” ಎಂದರು. “ಇಷ್ಟೇ” ಎಂದೆ. ಅವರಿಗೆ ಸಮಾಧಾನವಾಗಲಿಲ್ಲ, ಆದರೂ ಕೈ ತೆಗೆದರು.

ಅಲೈನ್‌ಮೆಂಟಿಗೆ ಒಂದು ಗಂಟೆಯೂ ಹಿಡಿಯಲಿಲ್ಲ. ಹಿಂದಿನ ಎರಡೂ ಚಕ್ರ ಒಂದೂವರೆ ಡಿಗ್ರಿಯಷ್ಟು ಒಳಕ್ಕೆ ವಾಲಿ ಜೋಡಿಯಾಗಿ ನಿಂತವು. ಟೋ ಎಡಕ್ಕೂ ಬಲಕ್ಕೂ ಸಮ. ಈ ಸಲ ನಾನು ಕಾರನ್ನು ಒತ್ತಿ ಬಿಟ್ಟು, ಎತ್ತಿ ಬಿಟ್ಟು, ಎರಡೂ ಸಲ ಮತ್ತೆ ಓದಿ ನೋಡಿದೆ. ಅಂಕಿಗಳು ಕದಲಲಿಲ್ಲ. ಸರಿಯಾಗಿದೆ ಎಂದು ಈಗ ನನಗೆ ಒಳಗಿನಿಂದಲೇ ಗೊತ್ತಿತ್ತು.

ಮಧ್ಯಾಹ್ನ ಆಕೆ ಬಸ್ಸಿಳಿದು ಬಂದರು. ಮುಖ ನೋಡಿದರೆ ಬರುವ ದಾರಿಯಲ್ಲೆಲ್ಲ ಬೈಗುಳ ಜೋಡಿಸಿಕೊಂಡೇ ಬಂದಂತಿತ್ತು. ನಾನು ಬಾಯಿ ತೆರೆಯುವ ಮೊದಲೇ ಉಸ್ತಾದರು ಎದ್ದು ನಿಂತರು.

“ಅಮ್ಮಾ, ತಪ್ಪು ನಂದು ಕಣವ್ವ. ಇವಂದಲ್ಲ. ನಾನು ಬಿಗ್ದಿದ್ದ ನಟ್ಟು ಅಂತ ಇವನು ಮುಟ್ಲಿಲ್ಲ. ಇವನು ಮುಟ್ಬೇಕಿತ್ತು, ನಾನು ಅಂಗೆ ಬಿಗೀಬಾರ್ದಿತ್ತು.” ಜೇಬಿನಿಂದ ಹರಿದ ಬುಷ್ಷು ತೆಗೆದು ಆಕೆಯ ಕೈಗಿಟ್ಟರು.

ತಂದೆಯ ಕಾಲದಿಂದ ಕಂಡ ಹಿರಿಯರು ಹೀಗೆ ನಿಂತರೆ ಆಕೆ ತಾನೇ ಏನು ಹೇಳಿಯಾರು? ಜೋಡಿಸಿಕೊಂಡು ಬಂದದ್ದೆಲ್ಲ ಅಲ್ಲೇ ನುಂಗಿಕೊಂಡರು. “ಈಗ ಸರಿಯಾಗದಾ?” ಎಂದಷ್ಟೇ ಕೇಳಿದರು.

“ನಾಲೆ ಏರಿ ಮ್ಯಾಲೇ ನೋಡಾನ. ನೀನು ಓಡ್ಸವ್ವ, ನಾನು ಎಡಗಡೆ ಕೂರ್ತೀನಿ.”

“ನಾನು ಹೋಗ್ತೀನಿ ಉಸ್ತಾದ್” ಎಂದೆ.

“ಇರೋದು ಎರಡೇ ಸೀಟು. ಅದು ನಂದು” ಎಂದು ಅವರು ಬಾಗಿಲು ತೆಗೆದರು. ಎಪ್ಪತ್ತರ ಹತ್ತಿರದ ಮೈಯನ್ನು ಅಷ್ಟು ತಗ್ಗಿನ ಸೀಟಿಗೆ ಇಳಿಸಲು ಒಂದು ನಿಮಿಷವೇ ಬೇಕಾಯಿತು.

ಕಾರು ಹೋಯಿತು. ನಾನು ಒಂದು ಟ್ಯಾಕ್ಸಿಯ ಕೆಲಸ ಹಿಡಿದೆ, ಆದರೆ ಕಿವಿಯೆಲ್ಲ ರಸ್ತೆಯ ಕಡೆಗೇ. ಕೆಲಸದ ಮೇಲೆ ನನಗೆ ನಂಬಿಕೆಯಿತ್ತು. ಆದರೂ ಆ ಸೀಟಿನಲ್ಲಿ ಉಸ್ತಾದರು, ಪಕ್ಕದಲ್ಲಿ ತುಂಬಿದ ನಾಲೆ ಎಂದು ನೆನೆದಾಗಲೆಲ್ಲ ಎದ್ದು ರಸ್ತೆಯವರೆಗೆ ಹೋಗಿ ನೋಡುತ್ತಿದ್ದೆ. ಒಂದೂವರೆ ಗಂಟೆ ಕಳೆದ ಮೇಲೆ ಕಾರು ವಾಪಸ್ಸು ಬಂತು. ಆಕೆ ಇಳಿಯದೆ ಕಿಟಕಿಯಿಂದಲೇ ಕೂಗಿದರು.

“ಅದೇ ಜಾಗ ಕಣಣ್ಣ! ಲಾರಿ ಎದುರಿಗೆ ಬಂತು. ಎಡಕ್ಕೆ ತಗಂಡೆ, ಗುಂಡಿಗೂ ಇಳ್ಸಿದೆ. ನಾನು ಹೇಳ್ದಲ್ಲಿ ನಿಂತ್ಕತು. ಆಮೇಲೆ ಸ್ಟೀರಿಂಗ್ ಬುಟ್ಬುಟ್ಟೆ, ದಾರ ಹಿಡ್ದಂಗೆ ನೇರ ಹೋಯ್ತದೆ.” ಗಡಿಯಾರ ನೋಡಿಕೊಂಡು, “ಮಗಿಗೆ ಸ್ಕೂಲ್ ಬುಡೋ ಹೊತ್ತಾಯ್ತು, ಕರ್ಕೊಂಡು ಹೋಗ್ಬೇಕು” ಎಂದರು. ಉಸ್ತಾದರನ್ನು ಇಳಿಸಿ, ಕೈಮುಗಿದು, ಅದೇ ಕಾರಿನಲ್ಲಿ ಪಾಂಡವಪುರದ ಕಡೆ ಹೊರಟೇಹೋದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಬೇಕಿರಲಿಲ್ಲ.

ಟೀ ತರಿಸಿದೆ. ಉಸ್ತಾದರು ಅದನ್ನು ಪಕ್ಕಕ್ಕಿಟ್ಟು ಬೆರಳು ಮಡಚುತ್ತ ಏನೋ ಎಣಿಸುತ್ತಿದ್ದರು.

“ಗಿಡ್ಡ ಸ್ಪ್ರಿಂಗ್ ಹಾಕಿದ್ದು ಈ ಎರಡು ವರ್ಷದಲ್ಲಿ ಎಷ್ಟು ಅಂತ ನೋಡ್ತಿವ್ನಿ. ಇವಮ್ಮಂದು ಬುಟ್ಟು ಏಳು.”

ಫೋನು ತೆಗೆದು ಒಬ್ಬೊಬ್ಬರಿಗೇ ಮಾಡತೊಡಗಿದರು. ಮೊದಲನೆಯವನು ಏನೋ ತಮಾಷೆ ಮಾಡಿರಬೇಕು, ಇವರು ನಗಲಿಲ್ಲ. “ನಾನು ಬಿಗ್ದಿದ್ದು ಸರಿಯಿಲ್ಲ. ನಾಳೆ ಗಾಡಿ ತಗಂಡು ಕಿರಂಗೂರಿಗೆ ಬಾ. ಅಲ್ಲಿವರ್ಗೂ ನಿಧಾನಕ್ಕೆ ಓಡ್ಸು.” ಅದೇ ಮಾತನ್ನು ಆರು ಸಲ, ಆರು ಜನಕ್ಕೆ, ಒಂದು ಅಕ್ಷರ ಬಿಡದೆ ಹೇಳಿದರು. ನಾನು ಟ್ಯಾಕ್ಸಿ ಬಿಟ್ಟು ಅಲ್ಲೇ ನಿಂತು ಕೇಳಿದೆ. ನನಗೆ ಅವರ ಮೇಲೆ ಇದ್ದ ಗೌರವ ಅಂದು ಇಮ್ಮಡಿಯಾಯಿತು, ನನ್ನ ಮೇಲೆ ನನಗೇ ನಾಚಿಕೆಯೂ ಆಯಿತು.

“ಏಳನೇದು?” ಎಂದೆ.

“ಬಿಂಡಿಗನವಿಲೆಯೋನು. ನಂಬರ್ ಹೋಯ್ತಾ ಇಲ್ಲ. ಮನೆ ಗೊತ್ತು. ಇಲ್ಲಿಂದ ನಾಗಮಂಗಲದ ಬಸ್ಸು ಎಷ್ಟೊತ್ತಿಗದೆ?”

ಹೊರಗೆ ಎರಡು ಕಾರು ಕಾಯುತ್ತಿದ್ದವು. ಅವರಿಬ್ಬರಿಗೂ ನಾಳೆ ಬನ್ನಿ ಎಂದೆ. ಟಾರ್ಕ್ ರಿಂಚು, ಗುಂಡಿಯಿಲ್ಲದ ಕಡೆ ಚಕ್ರಗಳ ಕೆಳಗಿಡಲು ಎರಡು ದಪ್ಪ ಹಲಗೆ ನನ್ನ ಕಾರಿಗೆ ಹಾಕಿ ಶೆಡ್ಡಿನ ಬಾಗಿಲೆಳೆದೆ. ನಾಗಮಂಗಲ ದಾಟುವವರೆಗೂ ಉಸ್ತಾದರು ಆ ಹೋಗದ ನಂಬರಿಗೇ ಮತ್ತೆ ಮತ್ತೆ ಫೋನು ಹಚ್ಚುತ್ತಿದ್ದರು.

ಬಿಂಡಿಗನವಿಲೆ ತಲುಪಿದಾಗ ಇನ್ನೂ ಬಿಸಿಲಿತ್ತು. ಆ ಮನೆಯ ಅಂಗಳದಲ್ಲಿ ಕಪ್ಪು ಕಾರೊಂದು ನಿಂತಿತ್ತು, ಅದರ ನೆರಳಿನಲ್ಲಿ ನಾಲ್ಕು ಕುರಿಮರಿ. ಯಜಮಾನ ಬಾಗಿಲಿಗೆ ಬಂದು ಬೆರಗಾಗಿ, “ಏನ್ ಉಸ್ತಾದ್, ಇಷ್ಟು ದೂರ ಬಂದ್ಬುಟ್ರಿ? ನಾನೇನೂ ಕರೆದಿರಲಿಲ್ಲವಲ್ಲ, ಗಾಡಿ ಚೆನ್ನಾಗೇ ಓಡ್ತಾ ಅದೆ” ಎಂದ.

ಉಸ್ತಾದರು ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿಕೊಂಡರು.

“ಚೆನ್ನಾಗಿಲ್ಲ ಕಣಪ್ಪ, ನಾನೇ ತಪ್ಪಾಗಿ ಬಿಗ್ದಿವ್ನಿ. ಕೀ ಕೊಡು.”